ತೊಟ್ಟಿಲು ನೋಡಲು ಬರುತ್ತಿದ್ದ ಹುಡುಗಿ

ಒಂದು ಮಾತು ಕೇಳುತ್ತೇನೆ, ಜಾಣರಿದ್ದರೆ ಹೇಳಿ ನೋಡೋಣ. ಪಕ್ಕದ ಮನೆಯ ಹುಡುಗಿ ದಿನಾ ನಿಮ್ಮ ಮನೆಗೆ ಬರುತ್ತಾಳೆ. ನಿಮ್ಮನ್ನು ಮಾತನಾಡಿಸುವುದಿಲ್ಲ, ನೀರು ಕೇಳುವುದಿಲ್ಲ. ಸೀದಾ ತೊಟ್ಟಿಲಿನ ಹತ್ತಿರ ಹೋಗಿ, ಮೇಲೆ ಹೊದಿಸಿದ ಬಟ್ಟೆ ಸರಿಸಿ, ಕೂಸು ಇದೆಯೋ ಇಲ್ಲವೋ ನೋಡಿ, ಉಸಿರು ಬಿಟ್ಟು, ಬಂದ ಹಾಗೇ ಹೊರಟುಹೋಗುತ್ತಾಳೆ. ಏನಿರಬಹುದು?

ಕೂಸಿನ ಮೇಲೆ ಕಣ್ಣು ಅಂದಿರಾ? ನಮ್ಮ ಅತ್ತೆಯೂ ಹಾಗೇ ಅಂದಿದ್ದರು. ನೀವೂ ಅವರ ಸಾಲಿಗೇ ಸೇರಿದಿರಿ.

ಆ ಕೂಸು ಈಗ ತಲೆಗೆ ಬಣ್ಣ ಹಚ್ಚಿಕೊಂಡು ನನ್ನನ್ನೇ ಗದರಿಸುವ ಹೆಂಗಸಾಗಿದೆ. ಅವಳ ಮಗಳು ನನಗೆ ಫೋನಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿದ್ದಾಳೆ. ನಾನು ಒಂದು ಶಬ್ದ ಒತ್ತಿದರೆ ಮುಂದಿನ ಶಬ್ದವನ್ನು ಫೋನೇ ಹೇಳಿಕೊಡಲು ಬರುತ್ತದೆ. ಈ ಸಂಗತಿಯಲ್ಲಿ ಮಾತ್ರ ಅದಕ್ಕೇನೂ ಗೊತ್ತಿಲ್ಲ. ನಾನೇ ಹೇಳಬೇಕು.

ರಾಯಬಾಗದಲ್ಲಿ ನಮ್ಮ ಮನೆಯ ಗೋಡೆಗೆ ಹತ್ತಿದ ಮನೆ ಟೇಲರಣ್ಣನದು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಮತ್ತು ಕೆಂಡದ ಇಸ್ತ್ರಿ, ಹಿಂದಿನ ಕೋಣೆಯಲ್ಲಿ ಗಂಡ, ಹೆಂಡತಿ, ಮಗಳು. ಅವರು ಕ್ರಿಶ್ಚಿಯನ್ನರು, ಆದರೆ ನಾವು ಬೇರೆಡೆ ಕಂಡಂತೆ ಬಾಗಿಲಿಗೆ ನಕ್ಷತ್ರ ಕಟ್ಟಿ ಹಬ್ಬ ಮಾಡುವವರಲ್ಲ. ಅವರದೊಂದು ಸಣ್ಣ ಸಭೆ ಇತ್ತು. ಅದರಲ್ಲಿ ಬಳೆಯಿಲ್ಲ, ಹೂವಿಲ್ಲ, ಸಿನಿಮಾ ಇಲ್ಲ, ರೇಡಿಯೋದ ಹಾಡೂ ಇಲ್ಲ. ನಾವು ಹಬ್ಬಕ್ಕೆ ಹೋಳಿಗೆ ಕಳಿಸಿದರೆ ಮುಚ್ಚಿದ ಪಾತ್ರೆ ಮುಚ್ಚಿದ ಹಾಗೇ ವಾಪಸು ಬರುತ್ತಿತ್ತು. ರವಿವಾರ ಮಷೀನನ್ನು ಮೂಲೆಗೆ ತಳ್ಳಿ ಚಾಪೆ ಹಾಸುತ್ತಿದ್ದರು. ಗಡಿಯಾಚೆಯಿಂದ ಸಭೆಯ ಹಿರಿಯರೊಬ್ಬರು ಸೈಕಲ್ ಮೋಟಾರಿನಲ್ಲಿ ಬಂದು, ಕನ್ನಡ ಮರಾಠಿ ಕೂಡಿಸಿ, ಲೋಕ ಮುಗಿಯುವ ಮಾತು ಹೇಳುತ್ತಿದ್ದರು. ಗೋಡೆ ತೆಳು. ನಾನು ಪಲ್ಯ ಹೆಚ್ಚುತ್ತ ಪ್ರಳಯ ಕೇಳುತ್ತಿದ್ದೆ.

ಟೇಲರಣ್ಣ ಮಾತ್ರ ಬಂಗಾರದಂಥ ಮನುಷ್ಯ. ಉಳಿದ ಬಟ್ಟೆಯ ಚೂರನ್ನೂ ಮಡಚಿ ತಿರುಗಿ ಕೊಡುತ್ತಿದ್ದರು. ಜಂಪರಿನ, ಅಂದರೆ ರವಿಕೆಯ, ಬೆನ್ನು ಇಳಿಸಿ ಹೊಲಿಯಲು ಹೇಳಿದರೆ ತಮ್ಮಷ್ಟಕ್ಕೆ ಎರಡು ಬೆರಳು ಏರಿಸಿಯೇ ಹೊಲಿಯುತ್ತಿದ್ದರು. ಬೆನ್ನು ತೋರಿಸಬೇಕೆಂದವರು ಚಿಕ್ಕೋಡಿಗೆ ಹೋಗಬೇಕಿತ್ತು. ಆದರೆ ಅವರ ಹೊಲಿಗೆ ಬಟ್ಟೆ ಹರಿದರೂ ಬಿಚ್ಚುತ್ತಿರಲಿಲ್ಲ.

ಅವರಿಗೆ ಹಿರಿಯ ಮಗಳೊಬ್ಬಳಿದ್ದಳು. ಸಭೆಯ ಹೊರಗಿನ ಹುಡುಗನನ್ನು ಮದುವೆಯಾಗಿ ನಿಪ್ಪಾಣಿಗೆ ಹೋದಳು. ಆಗ ಆ ಹಿರಿಯರು ಇದೇ ಮುಂದಿನ ಕೋಣೆಯಲ್ಲಿ ನಿಂತು, ಇನ್ನು ಅವಳ ಜೊತೆ ಯಾರೂ ಕೂತು ಉಣ್ಣಬಾರದು ಎಂದು ಹೇಳಿ ಹೋದರು. ಅಷ್ಟೇ. ಆಮೇಲೆ ಆ ಮನೆಯಲ್ಲಿ ಅವಳ ಹೆಸರನ್ನು ನಾನು ಕೇಳಲಿಲ್ಲ. ಒಮ್ಮೆ ಚಿಕ್ಕೋಡಿಯ ಬಸ್‌ ಸ್ಟ್ಯಾಂಡಿನಲ್ಲಿ ಆ ತಾಯಿಯೂ ನಾನೂ ರಾಯಬಾಗದ ಬಸ್ಸಿಗೆ ಕಾಯುತ್ತಿದ್ದಾಗ ಹಿರಿಯ ಮಗಳು ಎದುರಿಗೇ ಬಂದು "ಅವ್ವಾ" ಅಂದಳು. ತಾಯಿ ಸೆರಗು ಬಿಗಿಹಿಡಿದು ಬಸ್ಸು ಹತ್ತಿಬಿಟ್ಟಳು. ಊರು ಬರುವವರೆಗೂ ಕಿಟಕಿಯ ಸರಳು ಹಿಡಿದ ಅವಳ ಕೈ ಸಡಿಲಾಗಲಿಲ್ಲ. ಎಂಥ ಹೊತ್ತಿನಲ್ಲೂ ಒಂದು ಚೇಷ್ಟೆಯ ಮಾತು ಹುಡುಕುವ ನನಗೆ ಆ ದಿನ ಒಂದೂ ಸಿಗಲಿಲ್ಲ.

ತೊಟ್ಟಿಲು ನೋಡಲು ಬರುತ್ತಿದ್ದವಳು ಕಿರಿಯ ಮಗಳು. ಕಾಲೇಜು ಮೆಟ್ಟಿಲು ಹತ್ತುವ ವಯಸ್ಸು. ಅತ್ತೆ ಅವಳು ಬಂದುಹೋದಾಗಲೆಲ್ಲ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುತ್ತಿದ್ದರು. ಘಾಟು ಏಳದಿದ್ದರೆ ದೃಷ್ಟಿ ತಾಕಿದೆ ಎಂದು ಲೆಕ್ಕ. ನಮ್ಮ ಒಲೆಯಲ್ಲಿ ಘಾಟು ಎದ್ದು ಇಡೀ ಓಣಿ ಕೆಮ್ಮುತ್ತಿತ್ತು, ಆದರೂ ಅತ್ತೆಗೆ ಸಂಶಯ ಹೋಗಲಿಲ್ಲ. ಕೊನೆಗೆ, ಇನ್ನು ಆ ಹುಡುಗಿ ಹೊಸ್ತಿಲು ದಾಟಬಾರದು ಎಂದರು.

ಮರುದಿನ ಅತ್ತೆ ಹಿತ್ತಲಿನಲ್ಲಿದ್ದಾಗ ನಾನೇ ಹುಡುಗಿಯನ್ನು ತಡೆದು ನಿಲ್ಲಿಸಿದೆ. "ಏನ ಬೇ, ನಮ್ಮ ಕೂಸಿನ್ನ ಬಾಡಿಗಿಗೆ ಇಟ್ಟೀಯೇನು, ದಿನಾ ತಪಾಸ ಮಾಡಾಕ ಬರ್ತೀ?" ಎಂದು ಕೇಳಿದೆ.

ಅವಳು ನಗಲಿಲ್ಲ. ಬಾಗಿಲ ಕಡೆ ನೋಡಿ, ತಗ್ಗಿದ ದನಿಯಲ್ಲಿ ಹೇಳತೊಡಗಿದಳು.

ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅವಳು ಶಾಲೆಯಿಂದ ಬಂದಳಂತೆ. ಬಾಗಿಲು ತೆರೆದಿದೆ, ಚಪ್ಪಲಿಗಳು ಸಾಲಾಗಿವೆ, ಒಳಗೆ ಯಾರೂ ಇಲ್ಲ. ಮಷೀನಿನ ಸೂಜಿಯ ಕೆಳಗೆ ಅರ್ಧ ಹೊಲಿದ ಬಟ್ಟೆ. ಇಸ್ತ್ರಿ ಹೊಗೆಯಾಡುತ್ತಿದೆ, ಹಂಚಿನ ಮೇಲೆ ಭಕ್ಕರಿ ಕರಕಾಗಿದೆ. ಓಣಿಗೆ ಓಡಿದರೆ ಅಲ್ಲಿಯೂ ಯಾರಿಲ್ಲ. ದೂರದ ಆಕಾಶವೆಲ್ಲ ಕಪ್ಪು ಹೊಗೆ. ದೇವರು ಒಂದು ದಿನ ಹೇಳದೆ ಬಂದು ತನ್ನವರನ್ನು ಕರೆದೊಯ್ಯುತ್ತಾನೆ, ಸಂಶಯ ಇಟ್ಟುಕೊಂಡವರು ಬೆಂಕಿಯ ಪಾಲಿಗೆ ಉಳಿಯುತ್ತಾರೆ ಎಂದು ಅವಳು ಪ್ರತಿ ರವಿವಾರ ಕೇಳಿದ್ದಳು. ಬಂದು ಹೋಗಿಬಿಟ್ಟಿದ್ದಾನೆ, ತಾನು ಉಳಿದಿದ್ದೇನೆ ಎಂದು ತಿಳಿದಳು. ಮನೆ ಮನೆ ಇಣುಕುತ್ತ ಓಣಿಯ ಕೊನೆಯ ತನಕ ಹೋದಳಂತೆ.

ನಡೆದದ್ದು ಇಷ್ಟೇ. ಊರಂಚಿನಲ್ಲಿ ಯಾರದೋ ಬಣವೆಗೆ ಬೆಂಕಿ ಬಿದ್ದು ಓಣಿಯವರೆಲ್ಲ ಬರಿಗಾಲಲ್ಲಿ ಆರಿಸಲು ಓಡಿದ್ದರು. ನಾನೂ ಕೊಡ ಹಿಡಿದು ಓಡಿದ್ದು ನೆನಪಿದೆ. ಬಾಣಂತಿ ಮಾತ್ರ ಹೊಸ್ತಿಲು ದಾಟುವಂತಿಲ್ಲವಲ್ಲ, ಕೊನೆಯ ಮನೆಯ ಬಾಣಂತಿ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಕೂಸನ್ನು ಕಂಡಾಗ ಈ ಹುಡುಗಿಗೆ ಜೀವ ಬಂತು. ಪಾಪವಿಲ್ಲದ ಕೂಸುಗಳನ್ನು ದೇವರು ಮೊದಲು ಕರೆದೊಯ್ಯುತ್ತಾನೆ, ಕೂಸು ಇಲ್ಲೇ ಇದೆಯೆಂದರೆ ಅವನಿನ್ನೂ ಬಂದಿಲ್ಲ. ಅಂದಿನಿಂದ ಓಣಿಯಲ್ಲಿ ಯಾವ ಮನೆಯಲ್ಲಿ ತೊಟ್ಟಿಲು ಕಟ್ಟಿದೆ ಎಂಬುದು ಅವಳಿಗೆ ಸದಾ ಗೊತ್ತಿರುತ್ತಿತ್ತು.

"ಹಂಗಾರ ನನ್ನ ನೋಡಿದ್ರ ಆಗೂದಿಲ್ಲೇನು? ಕೂಸಿನ ನಿದ್ದಿ ಯಾಕ ಕೆಡಸ್ತಿ?" ಅಂದೆ.

"ನಿಮ್ಮನ್ನ ನೋಡಿ ಏನ ಉಪಯೋಗ್ರಿ ಕಾಕು. ನೀವು ಹೆಂಗೂ ಇಲ್ಲೇ ಉಳಿಯಾವ್ರು."

ನನಗೆ ನಗು ಬಂತು. ಆದರೆ ಅವಳು ಮತ್ತೊಮ್ಮೆ ಬಟ್ಟೆ ಸರಿಸಿ ಕೂಸನ್ನು ನೋಡಿಕೊಂಡಳು. ನಗು ಅಲ್ಲೇ ನಿಂತಿತು. ಅತ್ತೆಗೆ, ಅವಳು ನಮ್ಮ ಕೂಸಿನಲ್ಲಿ ಪಾಪವಿಲ್ಲ ಎಂದು ನೋಡಿಹೋಗುತ್ತಾಳೆ ಎಂದು ಹೇಳಿದೆ. ಸುಳ್ಳೇನಲ್ಲ. ಅತ್ತೆ ಹಿಗ್ಗಿ, ಹೊಸ್ತಿಲು ದಾಟಲು ಬಿಟ್ಟರು.

ಆಮೇಲೆ ಅವಳು ಬಂದು ಕೂರತೊಡಗಿದಳು. ನಾನು ಜೋಳ ಹಸನು ಮಾಡುತ್ತಿದ್ದರೆ ತಾನೂ ಮೊರ ಹಿಡಿಯುತ್ತಿದ್ದಳು. ಒಂದು ದಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಮ್ಮ ಮನೆಯವರು ಅವಳ ಮಾತು ಕೇಳಿಸಿಕೊಂಡು, ನಿಮ್ಮ ದೇವರು ಚಪ್ಪಲಿ ಬಿಟ್ಟು ಬರ್ರಿ ಅಂತಾನೇನು, ನಿಮ್ಮಪ್ಪಗ ಇಷ್ಟೂ ಬುದ್ಧಿ ಬ್ಯಾಡೇನು ಎಂದು ನಕ್ಕರು. ಹುಡುಗಿ ಮೊರ ಕೆಳಗಿಟ್ಟು, ತನ್ನಪ್ಪ ಯಾರಿಗೂ ಮೋಸ ಮಾಡಿದವನಲ್ಲ ಎಂದು ಹೇಳಿ ಎದ್ದು ಹೋದಳು. ಬಹಳ ದಿನ ಈ ಕಡೆ ಸುಳಿಯಲಿಲ್ಲ. ಆಗ ನನಗೆ ತಿಳಿಯಿತು. ಸಂಶಯವೂ ಅವಳದೇ, ಅಪ್ಪನೂ ಅವಳವನೇ. ನಾವು ಅಪ್ಪನನ್ನು ಬೈದರೆ ಅವಳು ಸಂಶಯ ಬಿಟ್ಟು ಅಪ್ಪನ ಪಕ್ಕ ನಿಲ್ಲುತ್ತಾಳೆ. ಮತ್ತೆ ಬಂದಾಗ ನಾನು ಅವರ ದೇವರನ್ನೂ ಆಡಿಕೊಳ್ಳಲಿಲ್ಲ, ನಮ್ಮ ದೇವರನ್ನೂ ಮುಂದೆ ಮಾಡಲಿಲ್ಲ. ನಿನಗ ಹೆಂಗ ಅನಸ್ತೈತಿ ಎಂದಷ್ಟೇ ಕೇಳುತ್ತಿದ್ದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನುತ್ತಿದ್ದೆ. ನನಗೆ ಗೊತ್ತಿಲ್ಲದ್ದು ಬಹಳ ಇತ್ತು. ಕೂಸಿನ ಪಾಪ ಯಾವ ವಯಸ್ಸಿನಿಂದ ಲೆಕ್ಕಕ್ಕೆ ಬರುತ್ತದೆ ಎಂದು ಅವಳು ಕೇಳಿದಾಗ, ಅಂಬೆಗಾಲಿಟ್ಟು ಬಂದ ನನ್ನ ಮಗಳು ಹಿಡಿ ಜೋಳ ಕದ್ದು ಬಾಯಿಗೆ ಹಾಕಿಕೊಂಡಳು. ಹುಡುಗಿ ಅವಳನ್ನೇ ದಿಟ್ಟಿಸಿ ನೋಡಿದಳು. ಆ ನೋಟ ನನಗೆ ಸೇರಲಿಲ್ಲ. ಕೂಸು ಬೆಳೆಯುತ್ತಿತ್ತು. ಅದನ್ನು ನೋಡಿ ಅವಳು ತಂದುಕೊಳ್ಳುವ ಧೈರ್ಯ ಇನ್ನೆಷ್ಟು ದಿನದ್ದು?

ಆ ಮಳೆಗಾಲದಲ್ಲಿ ನಾನು ಜಂಪರ ಕೊಡಲು ಹೋದಾಗ ಮಷೀನಿನ ಮೇಲಿನ ಮೊಳೆಗೆ ಬಿಳಿಯ ನಿಲುವಂಗಿಯೊಂದು ತೂಗುತ್ತಿತ್ತು. ಗಾಳಿ ಬೀಸುತ್ತಿತ್ತು. ಉಳಿದ ಬಟ್ಟೆಗಳೆಲ್ಲ ಅಲುಗಾಡಿದರೂ ಅದು ಅಲುಗಲಿಲ್ಲ. ಅಂಚು ಹಿಡಿದು ನೋಡಿದರೆ ಭಾರ. ಮಡಿಕೆಯೊಳಗೆ ಗಟ್ಟಿ ಗಟ್ಟಿ ಕಾಳುಗಳು.

"ಅಣ್ಣಾರ, ಇದರಾಗ ಏನ ಹೊಲದೀರ್ರಿ?"

"ಮೀನಿನ ಬಲಿಗೆ ಕಟ್ಟೂ ಸೀಸದ ಗುಂಡ್ರಿ ವೈನಿ. ನೀರಿನ್ಯಾಗ ಬಟ್ಟಿ ಮ್ಯಾಲ ತೇಲಬಾರದು. ಹೆಣ್ಣ ಹುಡುಗಿ."

ಮಗಳ ದೀಕ್ಷಾಸ್ನಾನ ಗೊತ್ತಾಗಿತ್ತು. ಮಳೆ ಕಡಿಮೆಯಾದ ಮೇಲೆ, ಕುಡಚಿಯ ಹತ್ತಿರ, ಕೃಷ್ಣಾ ನದಿಯಲ್ಲಿ. ನಡುನೀರಿನಲ್ಲಿ ನಿಲ್ಲಿಸಿ ಹಿರಿಯರು ಕೇಳುತ್ತಾರೆ, ಪೂರ್ಣ ಮನಸ್ಸಿನಿಂದ ನಂಬುತ್ತೀಯಾ ಎಂದು. ನಂಬುತ್ತೇನೆ ಎಂದವರನ್ನು ಮುಳುಗಿಸಿ ಎತ್ತುತ್ತಾರೆ. ಇಲ್ಲ ಎಂದವರಿಗೆ ನಿಪ್ಪಾಣಿಯ ಅಕ್ಕನ ಗತಿ.

ಆ ಸಂಜೆ ಹುಡುಗಿ ನಮ್ಮ ಅಡುಗೆಮನೆಯಲ್ಲಿ ಕೂತು ಬಿಕ್ಕಿದಳು. ದೇವರ ಮುಂದೆ ಸುಳ್ಳು ಹೇಳಿದವರು ನಿಂತಲ್ಲೇ ಬಿದ್ದು ಸತ್ತರೆಂದು ಅವಳಿಗೆ ಕಲಿಸಿದ್ದರು. ಹೌದು ಎಂದರೆ ನೀರಿನಿಂದ ಏಳುವುದಿಲ್ಲ, ಇಲ್ಲ ಎಂದರೆ ಅವ್ವ ಬಸ್‌ ಸ್ಟ್ಯಾಂಡಿನಲ್ಲಿ ಮುಖ ತಿರುಗಿಸುತ್ತಾಳೆ. "ನೀವ ಹೇಳ್ರಿ ಕಾಕು, ಏನ ಅನ್ಲಿ?"

ಹೇಳಬಹುದಿತ್ತು. ಬಾಯಿಯ ತನಕ ಬಂದಿತ್ತು. ಆದರೆ ಅಲ್ಲಿಯವರೆಗೆ ಅವಳಿಗೆ ಎಲ್ಲರೂ ಹೇಳಿದವರೇ. ನಾನೂ ಹೇಳಿದರೆ ಇನ್ನೊಬ್ಬ ಹಿರಿಯಳಾಗುತ್ತಿದ್ದೆ, ಸೈಕಲ್ ಮೋಟಾರು ಒಂದಿಲ್ಲ ಅಷ್ಟೇ.

"ನೀ ಏನಂದ್ರೂ ನಮ್ಮ ಮನಿ ಬಾಗಲಾ ತಗದಿರ್ತೈತಿ," ಅಂದೆ. "ಸುಳ್ಳ ಆಗಬಾರದು ಅಂತೀಯಲ್ಲ, ಮತ್ತ ಸುಳ್ಳಲ್ಲದ್ದು ಯಾವುದೈತಿ ನಿನ್ನ ಹಂತೇಕ?"

ಅವಳು ಮುಖ ಒರೆಸಿಕೊಂಡು ಎದ್ದಳು. ಹೋಗುವಾಗ, ನದಿಗೆ ಬರ್ರಿ, ಕೂಸಿನ್ನ ಕರಕೊಂಡ ಬರ್ರಿ ಎಂದಳು.

ಅತ್ತೆಗೆ ಕುಡಚಿಯ ಸಂತೆ ಎಂದು ಹೇಳಿ ಹೋದೆ. ಮಳೆ ನಿಂತಿದ್ದರೂ ಹೊಳೆ ಕೆಂಪಾಗಿಯೇ ಇತ್ತು. ಆಚೆ ದಂಡೆಯಲ್ಲಿ ಬೆಳಿಗ್ಗೆ ಮೊಸಳೆ ಬಿಸಿಲು ಕಾಯಿಸುತ್ತಿತ್ತು ಎಂದು ಬಲೆ ಒಣಗಿಸುತ್ತಿದ್ದವನೊಬ್ಬ ನನಗೆ ಹೇಳಿದ. ಕೇಳದಿದ್ದರೆ ಚೆನ್ನಾಗಿತ್ತು. ನಾನು ದೂರದ ಮೆಟ್ಟಿಲಿನ ಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತೆ. ಸಭೆಯವರು ಹಾಡುತ್ತಿದ್ದರು. ಮೊದಲು ಒಬ್ಬ ಮುದುಕ ಮುಳುಗಿ ಎದ್ದ. ಆಮೇಲೆ ಹುಡುಗಿ ಇಳಿದಳು. ಬಿಳಿಯ ಬಟ್ಟೆ ನೀರು ಕುಡಿದು ಅವಳ ಕಾಲಿಗೆ ಸುತ್ತಿ ಕೆಳಕ್ಕೆ ಎಳೆಯುತ್ತಿತ್ತು. ಒಂದು ಕಡೆ ಹಿರಿಯರು, ಇನ್ನೊಂದು ಕಡೆ ಅಪ್ಪ ಅವಳ ರಟ್ಟೆ ಹಿಡಿದಿದ್ದರು.

ಹಿರಿಯರು ಕೇಳಿದರು. ಅವಳು ಸುಮ್ಮನೆ ನಿಂತಳು. ಮತ್ತೆ ಕೇಳಿದರು. ಹಾಡು ನಿಂತಿತು. ಅವಳು ತಿರುಗಿ ದಂಡೆಯ ಮೇಲೆ ನನ್ನ ಕೂಸನ್ನು ನೋಡಿದಳು.

"ನನಗ ಇನ್ನೂ ಗೊತ್ತಿಲ್ರಿ," ಎಂದಳು.

ನೀರಿನ ಮೇಲೆ ಆ ಮಾತು ಸ್ಪಷ್ಟವಾಗಿ ಕೇಳಿತು. ದಂಡೆಯ ಮೇಲಿದ್ದ ತಾಯಿ ಬಾಯಿಗೆ ಸೆರಗು ಒತ್ತಿದಳು. ಹಿರಿಯರು ಕೈ ಬಿಟ್ಟು ಹಿಂದೆ ಸರಿದರು. ಅಪ್ಪ ಬಿಡಲಿಲ್ಲ. ಮಗಳ ಮುಖವನ್ನೇ ನೋಡುತ್ತ ನಿಂತಿದ್ದ ಅವರು, ಇದ್ದಕ್ಕಿದ್ದಂತೆ ಬಗ್ಗಿ ನೀರಿನೊಳಗೆ ಹೋಗಿಬಿಟ್ಟರು. ಹುಡುಗಿ ಜೋಲಿ ಹೊಡೆದಳು. ನಾನು ಎದ್ದು ನಿಂತೆ. ಅವರು ಮೇಲೆದ್ದಾಗ ಬಾಯಲ್ಲಿ ಬಿಳಿಯ ದಾರ ನೇತಾಡುತ್ತಿತ್ತು. ಬಟ್ಟೆಯ ಅಂಚು ತೇಲತೊಡಗಿತ್ತು. ಸೀಸದ ಭಾರಕ್ಕೆ ಮಗಳಿಗೆ ಕಾಲೆತ್ತಿ ನಡೆಯಲಾಗುವುದಿಲ್ಲವೆಂದು ತಮ್ಮ ಹೊಲಿಗೆಯನ್ನು ತಾವೇ ಹಲ್ಲಿನಿಂದ ಕಡಿದಿದ್ದರು. ಮೆಟ್ಟಿಲಿನ ತನಕ ಅವಳನ್ನು ತಂದು ಬಿಟ್ಟು, ತಿರುಗಿ ಹೋಗಿ ಹಿರಿಯರ ಪಕ್ಕದಲ್ಲಿ ನಿಂತರು.

ರವಿವಾರ ಗೋಡೆಯಾಚೆ ಅದೇ ದನಿ, ಅದೇ ಮಾತು ಕೇಳಿತು. ನಂಬುತ್ತೇನೆ ಎಂದು ಹೇಳುವವರೆಗೆ ಇವಳ ಜೊತೆ ಯಾರೂ ಕೂತು ಉಣ್ಣಬಾರದು. ಸೈಕಲ್ ಮೋಟಾರಿನ ಸದ್ದು ದೂರವಾಯಿತು. ಆಮೇಲೆ ಆ ಮನೆಯಿಂದ ಮಷೀನಿನ ಸದ್ದೂ ಇಲ್ಲ, ಮಾತೂ ಇಲ್ಲ. ಹುಡುಗಿ ನಮ್ಮ ಮನೆಗೂ ಬರಲಿಲ್ಲ. ನಿಪ್ಪಾಣಿಯ ಬಸ್ಸು ಹೋದಾಗಲೆಲ್ಲ ನಾನು ಬಾಗಿಲಿಗೆ ಓಡಿ ಅದರ ಕಿಟಕಿಗಳಲ್ಲಿ ಅವಳ ಮುಖ ಹುಡುಕುತ್ತಿದ್ದೆ.

ಕೊನೆಗೆ ತಡೆಯಲಾರದೆ, ಬೇಡದ ಒಂದು ಜಂಪರಿನ ಬಟ್ಟೆ ಹಿಡಿದು, ಬೇಕೆಂದೇ ಊಟದ ಹೊತ್ತಿಗೆ ಅವರ ಬಾಗಿಲ ಪರದೆ ಸರಿಸಿದೆ.

ಹುಡುಗಿ ನೆಲದ ಮೇಲೆ ತಾಟಿನ ಮುಂದೆ ಕೂತಿದ್ದಳು. ತಲೆ ತಗ್ಗಿಸಿ ಉಣ್ಣುತ್ತಿದ್ದಳು. ತಾಯಿ ಒಳಬಾಗಿಲಿಗೆ ಒರಗಿ ತಾಟು ಕೈಯಲ್ಲಿ ಹಿಡಿದು ನಿಂತಿದ್ದಳು. ಮಗಳ ಪಕ್ಕದಲ್ಲೇ ಮಷೀನಿಗೆ ಒರಗಿ ನಿಂತ ಟೇಲರಣ್ಣ, ಅಂಗೈಯಲ್ಲಿ ಭಕ್ಕರಿ, ಅದರ ಮೇಲೆ ಪಲ್ಯ ಇಟ್ಟುಕೊಂಡು ಮುರಿದು ಮುರಿದು ತಿನ್ನುತ್ತಿದ್ದರು. ಕಣ್ಣು ಮಾತ್ರ ರಸ್ತೆಯ ಮೇಲಿತ್ತು.

"ಇದೇನ್ರಿ ಅಣ್ಣಾರ, ಚಾಪಿ ಮಾರಿಬಿಟ್ರೇನು? ನಿಂತ ಉಣಾಕತ್ತೀರಲ್ಲ," ಅಂದೆ.

ಟೇಲರಣ್ಣ ತುತ್ತು ನುಂಗಿದರು. ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಕೂತ ಉಣಬ್ಯಾಡ್ರಿ ಅಂದಾರ್ರಿ ವೈನಿ. ನಿಂತ ಉಣಬ್ಯಾಡ್ರಿ ಅಂತ ಯಾರೂ ಅಂದಿಲ್ಲ."