ಮೂರು ದಿನದ ಸದರಿ

ಹಳ್ಳಿಮೈಸೂರಿನಾಚೆ ಬೋರೇಕೊಪ್ಪಲಿನ ಹತ್ತಿರ ಹೊಳೆಯ ನೀರು ಎಷ್ಟು ಅಡಿ ಏರಿತು, ಎಷ್ಟು ಇಳಿಯಿತು ಎಂದು ಬರೆದಿಡುವುದು ಮಂಚಯ್ಯನ ಕೆಲಸ. ದಡದಲ್ಲಿ ಅಡಿಯ ಗೆರೆ ಎಳೆದ ಕಲ್ಲುಕಂಬವಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದನ್ನು ನೋಡಿ ಇಲಾಖೆಯ ರಿಜಿಸ್ಟರಿಗೆ ಏರಿಸಬೇಕು, ಅಷ್ಟೇ.

"ನೀರು ನೋಡಾಕೂ ಸಂಬ್ಳ ಕೊಡ್ತಾರೇನ್ಲಾ ಮಂಚ?" ಎಂದು ಗೌಡರ ಮನೆಯ ಕೆಂಪಣ್ಣ ಸಿಕ್ಕಾಗಲೆಲ್ಲ ಕೆಣಕುತ್ತಿದ್ದ. ಮಂಚಯ್ಯ ನಕ್ಕು ಮುಂದೆ ಹೋಗುತ್ತಿದ್ದ. ಶಾಲೆಯ ಜಗುಲಿಯಲ್ಲಿ, ಬಾಗಿಲ ಹೊರಗೆ ಕೂತು ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಅವನದು. ಅವರ ಕೇರಿಯಲ್ಲಿ ಸರ್ಕಾರದ ಕೆಲಸ ಕಂಡವನು ಅವನೊಬ್ಬನೇ. ರಿಜಿಸ್ಟರನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡುತ್ತಿದ್ದ, ಹೆಂಡತಿ ಮಾದಮ್ಮನಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಐವತ್ತೆರಡರ ಶ್ರಾವಣದಲ್ಲಿ ಅವನ ಮಗಳು ಸಣ್ಣಕ್ಕನಿಗೆ ವಾಂತಿಭೇದಿ ಹತ್ತಿತು. ಒಂಬತ್ತು ವರ್ಷದ ಹುಡುಗಿ. ಮಳೆ ಹಿಡಿದುಕೊಂಡಿತ್ತು, ಹೊಳೆ ಹನ್ನೊಂದು ಅಡಿಗೆ ಬಂದಿತ್ತು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮಂಚಯ್ಯ ಹೊಳೆನರಸೀಪುರದ ಆಸ್ಪತ್ರೆಗೆ ನಡೆದ. ಮಗು ಉಳಿಯಲಿಲ್ಲ. ಮಣ್ಣು ಮಾಡಿ ಊರಿಗೆ ಬರುವ ಹೊತ್ತಿಗೆ ನಾಲ್ಕನೇ ದಿನ. ಅಷ್ಟರಲ್ಲಿ ನೀರು ಇಳಿದಿತ್ತು. ಆದರೆ ದಡದ ಹುಣಸೆಮರದ ಕವೆಯಲ್ಲಿ ಹುಲ್ಲು, ಕಸ, ಒಂದು ಹಳೇ ಮೊರ ಸಿಕ್ಕಿಕೊಂಡಿದ್ದವು. ಕಂಬಕ್ಕೆ ಸರಿಹೊಂದಿಸಿ ನೋಡಿದರೆ ಹದಿನೆಂಟು ಅಡಿ.

ಮರುದಿನ ಓವರ್‌ಸಿಯರ್ ತಪಾಸಣೆಗೆ ಬರುವವನಿದ್ದ. ರಿಜಿಸ್ಟರಿನಲ್ಲಿ ಮೂರು ದಿನದ ಮನೆ ಖಾಲಿ. ಹದಿನೆಂಟು ಎಂದು ಬರೆದರೆ ಯಾವ ದಿನ, ಯಾವ ಹೊತ್ತು, ನೀನು ಎಲ್ಲಿದ್ದೆ ಎಂದು ಕೇಳುತ್ತಾರೆ. ರಜೆ ಕೇಳದೆ ಹೋದವನು ಏನು ಹೇಳಿಯಾನು? ಹನ್ನೊಂದು ಅಡಿ ಎಂಬ ಸಾಲಿನ ಕೆಳಗೆ ಅವನು 'ಸದರಿ' ಎಂದು ಬರೆದ. ಅದರ ಕೆಳಗೆ ಮತ್ತೆ ಸದರಿ, ಮತ್ತೂ ಸದರಿ. ಮೇಲಿನಂತೆಯೇ ಎಂದು ಅರ್ಥ. ಅಂಥ ಹೊತ್ತಿನಲ್ಲಿ ಯಾವ ತಂದೆಗೆ ಹೊಳೆಯ ಯೋಚನೆ ಇರುತ್ತದೆ ಹೇಳಿ.

ಎಂಟು ವರ್ಷ ಕಳೆಯಿತು. ಪಾಲಾಕ್ಷ ಎಂಬ ಹೊಸ ಇಂಜಿನಿಯರು ಜೀಪಿನಲ್ಲಿ ಬಂದಿಳಿದ. ಒಳ್ಳೆಯವನೇ, ಮಂಚಯ್ಯನ ಕೈಯನ್ನೇ ಹಿಡಿದುಕೊಂಡ. "ಇಪ್ಪತ್ತು ವರ್ಷ ಒಂದು ದಿನವೂ ತಪ್ಪಿಸಿಲ್ಲವಲ್ಲಯ್ಯ ನೀನು! ಇಲ್ಲಿ ಸೇತುವೆ ಬರುತ್ತೆ. ನಿನ್ನ ಲೆಕ್ಕದಲ್ಲಿ ನೀರು ಹನ್ನೊಂದು ಅಡಿ ದಾಟಿಲ್ಲ. ಹದಿನೈದಕ್ಕೆ ಕಟ್ಟುತ್ತೇವೆ. ಹಾಸನದ ಕ್ಲಬ್ಬಿನಲ್ಲಿ ಇದರ ಮೇಲೇ ನನ್ನ ಭಾಷಣ. ನೀನೂ ಬರಬೇಕು."

ಅಂದು ರಾತ್ರಿ ಮಂಚಯ್ಯ ಮುದ್ದೆಯ ತಟ್ಟೆ ಸರಿಸಿಟ್ಟ. ಮಾದಮ್ಮನಿಗೆ ಎಲ್ಲ ಹೇಳಿದ.

"ಬಾಯ್ಬುಟ್ರೆ ಕೆಲ್ಸ ಓಯ್ತದೆ ಕಣಾ," ಎಂದಳು ಅವಳು.

"ಬಿಡ್ದಿದ್ರೆ ಜನ ಓಯ್ತಾರೆ."

ಅವಳು ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದಳು. "ಯೋಳು ಅಂಗಾದ್ರೆ. ಆದ್ರೆ ನನ್ ಮಗೀನ ಎಸ್ರು ಅಲ್ಲಿ ಎತ್ಬ್ಯಾಡ. ಉಣ್ಣೋರ್ ಮುಂದೆ ಎತ್ಬ್ಯಾಡ."

ಹಾಸನದ ಆ ಇಂಜಿನಿಯರುಗಳ ಕ್ಲಬ್ಬು ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಸೇರುತ್ತಿತ್ತು. ಹೊಟ್ಟೆ ಬಿರಿಯುವಷ್ಟು ಊಟ, ಆಮೇಲೆ ಒಬ್ಬರ ಭಾಷಣ, ಉಳಿದವರ ತೂಕಡಿಕೆ. ಅರಕಲಗೂಡು, ಚನ್ನರಾಯಪಟ್ಟಣದಿಂದಲೂ ಜೀಪು ಮಾಡಿಕೊಂಡು ಬರುತ್ತಿದ್ದರು. ಭಾಷಣಕ್ಕೋ ಹೋಳಿಗೆಗೋ ಅವರಿಗೇ ಗೊತ್ತು. ಮಂಚಯ್ಯನಿಗೆ ಹಿಂದಿನ ಜಗುಲಿಯಲ್ಲಿ ಎಲೆ ಹಾಕಿದರು. ಭಾಷಣವೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಕೊನೆಗೆ ಪಾಲಾಕ್ಷ ಅವನನ್ನು ಬಾಗಿಲಿಗೆ ಕರೆದು ತೋರಿಸಿದ. ಮೂವತ್ತು ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಮಂಚಯ್ಯ ಕೈಮುಗಿದ. "ಸಾ, ತಪ್ಪಾಗದೆ. ಐವತ್ತೆರಡ್ರಾಗೆ ಮೂರ್ ದಿನ ನಾನು ಒಳೆತಾವ ಇರ್ನಿಲ್ಲ. ಸುಮ್ಕೆ ಸದರಿ ಅಂತ ಬರ್ದ್ಬುಟ್ಟೆ. ನೀರು ಅದ್ನೆಂಟಡಿ ಬಂದಿತ್ತು ಸಾ. ಸೇತ್ವೆ ಮ್ಯಾಕೆ ಕಟ್ಬೇಕು."

ಪಾಲಾಕ್ಷನ ಮುಖ ಕೆಂಪಾಯಿತು. ಕ್ಲಬ್ಬಿನ ಅಧ್ಯಕ್ಷ ಚಂದ್ರಯ್ಯ, ಎಲ್ಲರಿಗಿಂತ ಹಿರಿಯ ಇಂಜಿನಿಯರು, ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದ: "ಇರಲಿಲ್ಲ ಅಂದರೆ? ಎಲ್ಲಿ ಬಿದ್ದಿದ್ದೆ?"

ಮಂಚಯ್ಯನ ಬಾಯಿಗೆ ಮಗಳ ಹೆಸರು ಬಂತು. ನುಂಗಿಕೊಂಡ. "ಮನೇಲಿ ತೊಂದ್ರೆ ಇತ್ತು ಸಾ."

"ಹೆಂಡದಂಗಡಿ ಮನೇಲೋ?" ಎಂದರು ಯಾರೋ. ನಗೆ ಎದ್ದಿತು. ನೆಲ ಬಾಯ್ಬಿಟ್ಟು ನುಂಗಬಾರದೆ ಅನ್ನಿಸಿತು ಅವನಿಗೆ. ಆದರೂ ಮಾದಮ್ಮನಿಗೆ ಕೊಟ್ಟ ಮಾತು ಮುರಿಯಲಿಲ್ಲ.

"ಹದಿನೆಂಟಕ್ಕೆ ಗುರುತು ಏನಾದರೂ ಇದೆಯೇನಪ್ಪ?" ಎಂದ ಚಂದ್ರಯ್ಯ.

"ಎಂಟ್ ವರ್ಸದ್ ಕಸ ಎಲ್ಲಿ ಉಳೀತದೆ ಸಾ. ನಾನ್ ಕಂಡಿವ್ನಿ."

"ನೀನು ಕಂಡದ್ದಕ್ಕೆ ಸೇತುವೆಯ ಅಂದಾಜುಪಟ್ಟಿ ಮಂಜೂರಾಗೋದಿಲ್ಲ. ಆಗಿರೋದು ರಿಜಿಸ್ಟರಿಗೆ." ಅಲ್ಲಿಗೆ ಮಾತು ಮುಗಿಯಿತು. ಊಟದ ಭಾಷಣಗಳಲ್ಲಿ ಯಾರು ಏನೆಂದರೆಂದು ನಡಾವಳಿ ಬರೆದಿಡುವ ಪದ್ಧತಿ ಆ ಕ್ಲಬ್ಬಿಗೆ ಇರಲಿಲ್ಲ.

ಹದಿನೆಂಟು ಅಡಿಯನ್ನು ಅವರು ನಂಬಲಿಲ್ಲ. ಅವನು ಸುಳ್ಳು ಬರೆದ ಎಂಬುದನ್ನು ಮಾತ್ರ ಚೆನ್ನಾಗಿ ನಂಬಿದರು. ಆದರೆ ಕಾಗದದ ಮೇಲೆ ಹಾಗೆಂದು ಬರೆದರೆ ಅಂದಾಜುಪಟ್ಟಿಯೇ ಬಿದ್ದುಹೋಗುತ್ತದಲ್ಲ! ತಿಂಗಳೊಳಗೆ ಬಂದ ಹುಕುಂನಲ್ಲಿ, ಮಂಚಯ್ಯನಿಗೆ ಕಣ್ಣು ಮಂಜಾಗಿರುವುದರಿಂದ ಕೆಲಸದಿಂದ ಬಿಡಿಸಲಾಗಿದೆ ಎಂದಿತ್ತು. ಅವನ ಕಣ್ಣು ಆಗಲೂ ಸೂಜಿಗೆ ದಾರ ಪೋಣಿಸುವಷ್ಟು ಚೆನ್ನಾಗಿತ್ತು. ಗಂಡಹೆಂಡಿರು ಗೌಡರ ಗದ್ದೆಗಳಿಗೆ ಕೂಲಿಗೆ ಹೋದರು.

ಸೇತುವೆ ಹದಿನೈದು ಅಡಿಗೇ ಎದ್ದಿತು. ಮಳೆಗಾಲ ಬಂದರೆ ಮಂಚಯ್ಯ ಅದರ ತುದಿಯಲ್ಲಿ ಗೋಣಿ ಹೊದ್ದು ನಿಲ್ಲುತ್ತಿದ್ದ. ಜನ ಅವನಿಗೆ ತಲೆ ಕೆಟ್ಟಿದೆ ಎಂದರು. ಅರವತ್ತೈದರ ಆಷಾಢದ ಒಂದು ಬೆಳಿಗ್ಗೆ ನೀರು ಸೇತುವೆಯ ಮಟ್ಟ ಮುಟ್ಟಿತು. ಕೆಂಪಣ್ಣನ ಗಾಡಿ ಬಂತು, ಅದರಲ್ಲಿ ಸಂತೆಗೆ ಹೊರಟ ಐದು ಜನ. ಮಂಚಯ್ಯ ಎತ್ತಿನ ಮೂಗುದಾರವನ್ನೇ ಹಿಡಿದುಕೊಂಡ. "ಓಗ್ಬ್ಯಾಡಿ ಬುದ್ಧೀ, ಕಾಲಿಗ್ ಬೀಳ್ತೀನಿ."

"ಬಿಡ್ಲಾ, ಇಂಜಿನೇರು ಕಟ್ಟಿರೋದು ಇದು," ಎಂದು ಕೆಂಪಣ್ಣ ಬಾರುಕೋಲಿನಿಂದ ಅವನ ಕೈಗೆ ಹೊಡೆದ. ಗಾಡಿ ಸೇತುವೆಯ ನಡುವಿಗೆ ಹೋಗಿತ್ತು. ಎರಡು ಕಮಾನು ಒಟ್ಟಿಗೆ ಕುಸಿದವು. ಆರು ಜನರಲ್ಲಿ ನಾಲ್ವರ ಹೆಣ ಸಿಕ್ಕಿತು. ಕೆಂಪಣ್ಣನದು ಸಿಗಲಿಲ್ಲ.

ವಿಚಾರಣೆ ಆಯಿತು. ಕಟ್ಟಿದವರೇ ವಿಚಾರಿಸಿದರೂ ಕೇಳುವವರಿರಲಿಲ್ಲ. ನೀರಿನ ಗೇಜು ನೋಡುವ ನೌಕರನೊಬ್ಬ ಕರ್ತವ್ಯ ಬಿಟ್ಟು ತಿರುಗಿ, ಮೂರು ದಿನ ಸುಳ್ಳು ಬರೆದು, ಇಲಾಖೆಯನ್ನು ಕತ್ತಲಲ್ಲಿಟ್ಟಿದ್ದೇ ಈ ಅನಾಹುತಕ್ಕೆ ಕಾರಣ ಎಂದು ವರದಿ ಹೇಳಿತು. ಅದನ್ನು ಪಂಚಾಯ್ತಿ ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳಿದರು.

ಅಂದು ಸಂಜೆ ಕೆಂಪಣ್ಣನ ತಾಯಿ ದೊಡ್ಡತಾಯಮ್ಮ, ಹುಟ್ಟಿದ ಮೇಲೆ ಮೊದಲ ಬಾರಿಗೆ, ಆ ಕೇರಿಗೆ ಬಂದು ಮಂಚಯ್ಯನ ಬಾಗಿಲಲ್ಲಿ ನಿಂತಳು.

"ನನ್ ಮಗನ್ನ ತಿಂದೋನು ನೀನೇ ಏನ್ಲಾ?"

"ಬರ್ದಿದ್ದು ನಾನೇ ಕನ್ರವ್ವ. ಆದ್ರೆ ಕಟ್ಟಾಕ್ ಮುಂಚೇನೇ ಯೋಳಿದ್ದೆ. ಆಸನಕ್ ಓಗಿ, ಎಲ್ರ ಮುಂದ್ಲೂ ಯೋಳಿದ್ದೆ."

"ಯಾರ್ ಮುಂದೆ? ಎಸ್ರು ಯೋಳು. ನಾನೇ ಓಗಿ ಕೇಳ್ತೀನಿ."

ಮಂಚಯ್ಯ ಬಾಯಿ ತೆರೆದ. ಅಲ್ಲಿ ಕೂತಿದ್ದ ಮೂವತ್ತು ಜನರಲ್ಲಿ ಅವನಿಗೆ ಹೆಸರು ಗೊತ್ತಿದ್ದದ್ದು ಇಬ್ಬರದು ಮಾತ್ರ, ಪಾಲಾಕ್ಷ ಮತ್ತು ಚಂದ್ರಯ್ಯ. ವರದಿಯ ಕೆಳಗೆ ಸಹಿ ಮಾಡಿದ್ದವರು ಆ ಇಬ್ಬರೇ.