ತೂತಿನ ತೊಟ್ಟಿಯ ಲೆಕ್ಕ

ಕನ್ನಡಕದಂಗಡಿ ಅಕ್ಕನಿಗೆ ಲೆಕ್ಕವೆಂದರೆ ಅಷ್ಟಕ್ಕಷ್ಟೇ. ಅಂಥವಳು ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಪ್ರತಿವರ್ಷ ಗಣಿತ ಸ್ಪರ್ಧೆ ನಡೆಸುತ್ತಿದ್ದಳು, ಅದೂ ಬಿಟ್ಟಿಯಾಗಿ. ಪ್ರಶ್ನೆ ತೆಗೆಯುವುದು, ಉತ್ತರ ತಿದ್ದುವುದು ನಿವೃತ್ತ ಮೇಷ್ಟರೊಬ್ಬರ ಪಾಲು. ಕುರ್ಚಿ ಜೋಡಿಸುವುದು, ಮೈಕ್ ರಿಪೇರಿ ಮಾಡಿಸುವುದು, ಹೆದರಿ ವಾಂತಿ ಮಾಡಿಕೊಂಡ ಮಕ್ಕಳ ಮುಖ ತೊಳೆಸುವುದು ಅಕ್ಕನ ಪಾಲು. ಕೊನೆಗೆ ಮೇಷ್ಟರಿಗೆ ಶಾಲು, ಇವಳಿಗೆ ಪೊರಕೆ.

ಇದಕ್ಕೆಲ್ಲ ಅವಳು ಕೈಹಾಕಿದ್ದು ಲೆಕ್ಕದಲ್ಲಿ ಚುರುಕಾಗಿದ್ದ ಮಗಳಿಗೋಸ್ಕರ. ಆದರೆ ಹೋದ ವರ್ಷ ಆ ಹುಡುಗಿ ಗಾಬರಿಬಿದ್ದು ಕೊನೆಯವಳಾದಳು. ಅಕ್ಕ ಬಹುಮಾನದ ಮೇಜಿನ ಮುಂದೆಯೇ, "ಇಷ್ಟು ಸುಲಭದ ಲೆಕ್ಕ ಬರಲ್ವಾ ನಿಂಗೆ? ನನ್ನ ಮಾನ ಕಳೆದ್ಯಲ್ಲೇ" ಎಂದುಬಿಟ್ಟಳು. ಕೈಯಲ್ಲಿದ್ದ ಮೈಕ್ ಆನ್ ಆಗಿತ್ತು. ಹೊಸದಾಗಿ ರಿಪೇರಿಯಾದ ಮೈಕು, ಹಿಂದಿನ ಸಾಲಿನವರಿಗೂ ಸೊಗಸಾಗಿ ಕೇಳಿಸಿತು.

ಅವತ್ತಿನಿಂದ ಸ್ಪರ್ಧೆಯ ಮಾತೆತ್ತಿದರೆ ಸಾಕು, ಮಗಳು ಎದ್ದು ಹೋಗುತ್ತಿದ್ದಳು. ಈ ಸಲ ಹೆಸರು ಕೊಡೇ ಎಂದು ಅಕ್ಕ ಗೋಗರೆದಳು, ಹೊಸ ಸೈಕಲ್ಲಿನ ಆಸೆ ತೋರಿಸಿದಳು. ಒಂದು ಹೊತ್ತು ಊಟ ಬಿಟ್ಟೂ ನೋಡಿದಳು. ಹಸಿವಾಯಿತೇ ಹೊರತು ಬೇರೇನೂ ಆಗಲಿಲ್ಲ. ಬೇಕಾದರೆ ಕೆಲಸಕ್ಕೆ ಬರುತ್ತೇನೆ, ಪರೀಕ್ಷೆಗೆ ಮಾತ್ರ ಕೂರುವುದಿಲ್ಲ ಎಂದಳು ಮಗಳು. ಊರಿನ ಮಕ್ಕಳನ್ನೆಲ್ಲ ಕೂರಿಸಿ ತನ್ನ ಮಗಳನ್ನೇ ಕೂರಿಸಲಾಗದ ಸಂಕಟ ಅಕ್ಕನನ್ನು ಒಳಗೊಳಗೇ ತಿನ್ನುತ್ತಿತ್ತು.

ಸ್ಪರ್ಧೆಯಲ್ಲಿ ಮಕ್ಕಳಿಂದ ತೊಂದರೆಯಿರಲಿಲ್ಲ, ತೊಂದರೆಯೆಲ್ಲ ಹೆತ್ತವರದು. ಕಿಟಕಿಗೆ ಜೋತುಬಿದ್ದು ಬೆರಳಲ್ಲೇ ಉತ್ತರ ತೋರಿಸುವ ಮಹನೀಯರು ಅವರು. ಅದಕ್ಕೇ ಈ ಸಲ ಅಕ್ಕ ಅವರನ್ನೆಲ್ಲ ಚಿತ್ರಕಲೆಯ ಕೋಣೆಗೆ ತುಂಬಿ, ಹೊತ್ತು ಹೋಗಲೆಂದು ಅದೇ ಪ್ರಶ್ನೆಪತ್ರಿಕೆಯನ್ನು ಹಂಚಿದಳು. ನಿಮ್ಮಂಥವರಿಗೆ ಇದು ನೀರು ಕುಡಿದಷ್ಟು ಸುಲಭ ಎಂದು ಉಬ್ಬಿಸಿದಳು. ಬರುವುದಿಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು? ಮೇಲ್ವಿಚಾರಣೆಗೆ ಮಗಳನ್ನು ನಿಲ್ಲಿಸಿದಳು. ಅಷ್ಟರಲ್ಲಿ ಕಂಟ್ರಾಕ್ಟರ್ ಒಬ್ಬರು, ಅಷ್ಟು ಸುಲಭವಾದರೆ ನೀವೂ ಕೂರಬಹುದಲ್ಲ ಎಂದು ಹಲ್ಲುಕಿರಿದರು. ಅಕ್ಕ ಪೆನ್ನು ಹಿಡಿದು ಕೂತಳು.

ಕೋಣೆ ಗಪ್‌ಚಿಪ್ ಆಯಿತು. ಮಕ್ಕಳಿಗೆ ದಿನಾ ಪ್ರಾಮಾಣಿಕತೆಯ ಪಾಠ ಹೇಳುವ ವಕೀಲರ ಕತ್ತು ಮೆಲ್ಲಗೆ ದಂತವೈದ್ಯೆಯ ಹಾಳೆಯ ಕಡೆ ವಾಲಿತು. ವೈದ್ಯೆ ಮೊಣಕೈ ಅಡ್ಡ ಇಟ್ಟರು. ಪಾಪ, ಬರೆದದ್ದೇನೂ ಇರಲಿಲ್ಲ, ಅದನ್ನೇ ಮುಚ್ಚುತ್ತಿದ್ದರು. ಕಂಟ್ರಾಕ್ಟರಿಗೆ ಪದೇಪದೇ ಶೌಚಾಲಯಕ್ಕೆ ಅವಸರವಾಯಿತು, ಪ್ರತಿಸಲವೂ ಫೋನಿನ ಸಮೇತ.

ಅಕ್ಕನ ಎದುರು ಒಂದು ತೊಟ್ಟಿಯಿತ್ತು. ಮೇಲಿಂದ ನಲ್ಲಿ ತುಂಬಿಸುತ್ತದೆ, ತಳದ ತೂತು ಖಾಲಿ ಮಾಡುತ್ತದೆ, ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು? ತೂತು ಮುಚ್ಚದೆ ನಲ್ಲಿ ತಿರುಗಿಸಿದ ಪುಣ್ಯಾತ್ಮ ಯಾರು ಎಂಬುದಷ್ಟೇ ಅವಳಿಗೆ ಹೊಳೆದದ್ದು. ಎದೆ ಡವಡವ ಹೊಡೆದುಕೊಂಡಿತು, ಅಂಗೈ ಬೆವರಿತು. ಇಂಥ ಚಿಳ್ಳೆಪಿಳ್ಳೆ ಲೆಕ್ಕಕ್ಕೆ ಇಷ್ಟು ಭಯವೇ? ಕಣ್ಣು ತಾನಾಗಿ ಪಕ್ಕದವರ ಹಾಳೆಗೆ ಹೊರಳಿತು.

ತಲೆಯೆತ್ತಿದರೆ ಮಗಳು ನಿಂತಿದ್ದಳು. ಎಲ್ಲರೂ ತಿರುಗಿ ನೋಡಿದರು, ವಕೀಲರಂತೂ ಬಲು ಸಂತೋಷದಿಂದ. ಹೋದ ವರ್ಷದ ಮಾತು ಈಗ ಬಡ್ಡಿಸಮೇತ ವಾಪಸು ಬರುತ್ತದೆ, ತನಗೆ ಹಾಗೇ ಆಗಬೇಕು ಎಂದುಕೊಂಡಳು ಅಕ್ಕ.

ಮಗಳು ಬಗ್ಗಿ, ಅವಳ ಹಾಳೆಯನ್ನು ನೇರ ಮಾಡಿದಳು. "ಇನ್ನೂ ಟೈಮ್ ಇದೆ ಅಮ್ಮ. ನಿಧಾನಕ್ಕೆ ಮಾಡು" ಎಂದು ಮೆಲ್ಲಗೆ ಹೇಳಿ ಮುಂದಿನ ಸಾಲಿಗೆ ನಡೆದಳು.

ಅಕ್ಕ ಪೆನ್ನನ್ನು ಮತ್ತೆ ತನ್ನ ಹಾಳೆಗೇ ಊರಿದಳು. ಇಷ್ಟು ಸಣ್ಣ ಮಾತು, ಹೋದ ವರ್ಷ ತನ್ನ ಬಾಯಿಗೆ ಬಂದಿರಲಿಲ್ಲ.

ಗಂಟೆ ಹೊಡೆದ ಮೇಲೆ ಮಗಳು ಹಾಳೆ ಇಸಿದುಕೊಳ್ಳಲು ಬಂದಳು. ತೊಟ್ಟಿ ಇನ್ನೂ ತುಂಬಿರಲಿಲ್ಲ.

"ಅವತ್ತು ನಾನು ಹಾಗನ್ನಬಾರದಿತ್ತು ಕಣೇ" ಎಂದಳು ಅಕ್ಕ.

ಮಗಳು ಆ ಖಾಲಿ ಹಾಳೆಯನ್ನು ಉಳಿದವುಗಳ ಅಡಿಗೆ, ಯಾರಿಗೂ ಕಾಣದಂತೆ ಸೇರಿಸಿದಳು.

"ಮುಂದಿನ ವರ್ಷ ಕೂತ್ಕೋತೀನಿ" ಎಂದಳು. "ಮೈಕ್ ಮಾತ್ರ ಬೇರೆ ಯಾರಿಗಾದ್ರೂ ಕೊಡು."