ಹೊಸ ಬೀಜಕ್ಕೆ ಬಂದ ಹೊಸ ರೋಗ

ಕಂಪಲಾಪುರದಿಂದ ನಾನು ಹನಗೋಡಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ವರ್ಷವೇ ನಮ್ಮ ಮಾವ ರಾಗಿಯ ದೊಡ್ಡ ಹೊಲಕ್ಕೆ ಹೊಗೆಸೊಪ್ಪು ಹಾಕಿದರು. ಅತ್ತೆಗೆ ಅದು ಸುತರಾಂ ಇಷ್ಟವಿರಲಿಲ್ಲ. ಮೊದಲ ಬೆಳೆಗೇ ಮಚ್ಚೆರೋಗ ಬಂದು ಎಲೆಯೆಲ್ಲ ಹಸಿರು ಹಳದಿ ತೇಪೆ ಹಾಕಿದ ಬಟ್ಟೆಯಂತಾಗಿ ಮುರುಟಿಕೊಂಡಿತು.

"ರಾಗಿ ಆಗಿದ್ರೆ ಉಣ್ಣಕ್ಕಾದ್ರೂ ಆಗೋದು. ಇದ ಯಾವ ದನ ತಿಂದಾತವ್ವ?" ಎಂದು ಅತ್ತೆ ಒಲೆ ಮುಂದೆ ಕೂತು, ಗಂಡನಿಗೆ ಕೇಳುವಂತೆ ನನಗೆ ಹೇಳುತ್ತಿದ್ದರು.

ಮರುವರ್ಷ ಬೇಸಾಯ ಇಲಾಖೆಯ ಸಾಹೇಬರೊಬ್ಬರು ಹೊಸ ತಳಿಯ ಬೀಜ ಕೊಟ್ಟರು. ರೋಗ ಹೊಕ್ಕ ಜಾಗವನ್ನು ಈ ಗಿಡ ತಾನೇ ಸುಟ್ಟುಕೊಳ್ಳುತ್ತದೆ, ರೋಗ ಅಲ್ಲಿಂದ ಮುಂದೆ ಹೋಗಲಾರದು ಎಂದರು. ಹಾಗೇ ಆಯಿತು. ಎಲೆಯ ಮೇಲೆ ಅಲ್ಲೊಂದು ಇಲ್ಲೊಂದು ಸಾಸಿವೆಯಷ್ಟು ಕಂದು ಚುಕ್ಕಿ ಬೀಳುತ್ತಿತ್ತು, ಅಷ್ಟೇ. ಸೊಪ್ಪು ಆನೆ ಕಿವಿಯಷ್ಟಗಲ ಬೆಳೆಯಿತು. ಮೊದಲು ಮಚ್ಚೆ ಬಿದ್ದ ಗಿಡ ಕಂಡಕೂಡಲೇ ಕಿತ್ತು ಸುಡುತ್ತಿದ್ದೆವು, ಸೋಪಿನಲ್ಲಿ ಕೈ ತೊಳೆಯದೆ ಹೊಲಕ್ಕಿಳಿಯುತ್ತಿರಲಿಲ್ಲ. ಈಗ ಎರಡನ್ನೂ ಬಿಟ್ಟೆವು. "ಇದಕ್ಕೇನೂ ಆಗಾಕಿಲ್ಲ ಬುಡವ್ವ" ಎನ್ನುವುದು ಮಾವನ ಮಾತಾಗಿಬಿಟ್ಟಿತ್ತು.

ಕೆಲವು ಬೆಳೆ ಕಳೆದ ಮೇಲೆ ಒಂದು ಬೆಳಿಗ್ಗೆ ಮನೆ ಕಡೆಯ ಸಾಲಿನಲ್ಲಿ ಒಂದು ಗಿಡದ ತುದಿಯಲ್ಲಿ ಮತ್ತೆ ಅದೇ ತೇಪೆ ಕಂಡಿತು. ಕಂದು ಚುಕ್ಕಿ ಇರಲಿಲ್ಲ, ಎಲೆಯುದ್ದಕ್ಕೂ ಮಚ್ಚೆ. ಮಾವ ನಂಬಲಿಲ್ಲ, ಕೀಳಲೂ ಇಲ್ಲ. ಆದರೆ ಅಂದಿನಿಂದ ಅವರು ಕೂತಲ್ಲಿ ಕೂರಲಿಲ್ಲ. ತಟ್ಟೆ ಮುಂದಿಟ್ಟರೆ ಅರ್ಧಕ್ಕೆ ಎದ್ದು ಹೊಲಕ್ಕೆ ಹೋಗುವರು. ಮೊದಲು ಆ ಗಿಡ ನೋಡಿ, ಆಮೇಲೆ ಆ ಕಡೆಯ ಸಾಲುಗಳ ಒಂದೊಂದು ಗಿಡದ ಎಲೆಯನ್ನೂ ಮಗುಚಿ, ಸವರಿ, ಬೆಳಕಿಗೆ ಹಿಡಿದು ನೋಡುವರು.

"ನನ್ ಕೆನ್ನೆನ ಒಂದಿನಾನೂ ಇಂಗ್ ಸವರ್ನಿಲ್ಲ ಕಣವ್ವ ಈ ವಯ್ಯ" ಎಂದು ಅತ್ತೆ ನಕ್ಕರು. ದಿನಕ್ಕೊಂದಿಷ್ಟು ಗಿಡಕ್ಕೆ ಮಚ್ಚೆ ಏರತೊಡಗಿದ ಮೇಲೆ ಅವರೂ ನಗುವುದನ್ನು ಬಿಟ್ಟರು.

ಸಾಹೇಬರಿಗೆ ಹೇಳಿಕಳಿಸಿದೆವು. ಬಂದವರೇ ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು.

"ಬೀಜ ಸುಳ್ಳಾಯ್ತಾ ಸ್ವಾಮಿ?" ಎಂದರು ಮಾವ.

"ಬೀಜ ಹಾಗೇ ಇದೆ ಯಜಮಾನ್ರೇ, ರೋಗ ಬದಲಾಗಿದೆ. ಅದು ಎಲೆಯೊಳಗೆ ತನ್ನಂಥದ್ದನ್ನೇ ಲೆಕ್ಕವಿಲ್ಲದಷ್ಟು ಹುಟ್ಟಿಸುತ್ತೆ. ಅಷ್ಟೊಂದರಲ್ಲಿ ಯಾವುದೋ ಒಂದು ಚೂರು ಬೇರೆ ಥರ ಹುಟ್ಟುತ್ತೆ. ಹಳೇದನ್ನ ನಿಮ್ಮ ಗಿಡ ಗುರುತು ಹಿಡಿದು ಸುಡ್ತಿತ್ತು. ಇದರ ಗುರುತು ಅದಕ್ಕೆ ಸಿಗ್ತಾ ಇಲ್ಲ."

"ಒಂದು ಗಿಡದಲ್ಲಿದ್ದದ್ದು ಇಷ್ಟಕ್ಕೆ ಎಂಗ್ ಅಬ್ಬುತು?"

ಸಾಹೇಬರು ಸಾಲುಗಳತ್ತ ಕೈ ತೋರಿಸಿದರು. ಮಚ್ಚೆ ಬಿದ್ದ ಗಿಡಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ. ಮನೆ ಕಡೆಯಿಂದ ಸಾಲು ಹಿಡಿದು ಹೋಗಿದ್ದವು. "ಇಲ್ಲಿ ದಿನಾ ಗಿಡ ಮುಟ್ಟಿ ನೋಡ್ತಾ ಇದ್ದೋರು ಯಾರು?"

ಮಾವ ಸೊಪ್ಪಿನ ಅಂಟು ಕಪ್ಪಗೆ ಕೂತಿದ್ದ ತಮ್ಮ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು.

ಅವರು ಮುಟ್ಟಿದ ಸಾಲುಗಳನ್ನೆಲ್ಲ ಕಿತ್ತರೆ ಉಳಿದರ್ಧ ಹೊಲ ಸಿಕ್ಕಬಹುದು, ಬಿಟ್ಟರೆ ಎಲ್ಲವೂ ಹೋಗುತ್ತದೆ ಎಂದರು ಸಾಹೇಬರು. ಮಾವ ಪಂಚೆ ಎತ್ತಿ ಕಟ್ಟಿ, "ನೀವ್ಯಾರೂ ಇಳೀಬ್ಯಾಡಿ. ಎಂಗಿದ್ರೂ ನನ್ ಕೈ ಕೆಟ್ಟದೆ" ಎಂದು ಒಬ್ಬರೇ ಕೀಳತೊಡಗಿದರು. ನೋಡಲು ಚೆನ್ನಾಗಿಯೇ ಇದ್ದ ಗಿಡಗಳನ್ನೂ ಬಿಡಲಿಲ್ಲ. ಅತ್ತೆ ರಾಗಿಯ ಮಾತೆತ್ತಲಿಲ್ಲ. ಕಿತ್ತ ಗಿಡಕ್ಕೆ ಬೆಂಕಿ ಹಾಕಿದ ಮೇಲೆ ಮಾವನ ಕೈಗೆ ತಾವೇ ಸೋಪು ಹಚ್ಚಿ ಉಜ್ಜಿದರು.

ಮಾರನೆಯ ಬೆಳಿಗ್ಗೆ ಮಾವ ಮತ್ತೆ ಹೊಲಕ್ಕೆ ಹೊರಟರು. ತಡೆದರೆ ನಿಲ್ಲುವ ಜೀವವಲ್ಲ. ನಾನೂ ಕೈ ತೊಳೆದುಕೊಂಡು ಹಿಂದೆಯೇ ಓಡಿದೆ. ಬದುವಿನ ತನಕ ಬಂದವರು ಅಲ್ಲೇ ನಿಂತು, ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು.

"ಆ ಮೂಲೇದು ಎಂಗದೆ ನೋಡವ್ವ. ಮುಟ್ಟಬ್ಯಾಡ."

ನಾನು ಸಾಲಿನ ನಡುವೆ ಸೆರಗು ತಾಗದಂತೆ ಬಗ್ಗಿ ನೋಡಿದೆ.

"ಹಸುರಾಗೈತೆ ಮಾವ."

"ತುದಿ ಎಲೆ ನೋಡ್ದಾ?"

"ನೋಡ್ದೆ ಮಾವ."

"ಪಕ್ಕದ್ದು?"